ಬೆಡ್ಲಮ್ ಅಂದ್ರೆ ಬರೀ ಗದ್ದಲ ಅಲ್ಲ

ನಮಸ್ಕಾರ ಎಲ್ರಿಗೂ. ಇಂಗ್ಲಿಷ್ ನ್ಯೂಸ್ ನೋಡೋರಿಗೆ ಬೆಡ್ಲಮ್ ಅನ್ನೋ ಪದ ಹೊಸದೇನಲ್ಲ, ಪಾರ್ಲಿಮೆಂಟಲ್ಲಿ ಗಲಾಟೆ ಆದ್ರೆ ಬೆಡ್ಲಮ್, ಸೇಲ್ ದಿನ ಅಂಗಡೀಲಿ ನೂಕುನುಗ್ಗಲಾದ್ರೆ ಬೆಡ್ಲಮ್, ಮಕ್ಕಳ ಬರ್ತ್‌ಡೇ ಪಾರ್ಟಿ ಆದ್ರೂ ಬೆಡ್ಲಮ್ಮೇ. ನಾನೂ ತುಂಬ ವರ್ಷ ಹಂಗೇ ಬಳಸ್ತಿದ್ದೆ, ಅದ್ರ ಹಿಂದಿನ ಕಥೆ ಗೊತ್ತಾದ್ಮೇಲೆ ಬಾಯಿಗೇ ಬರ್ತಿಲ್ಲ.

ಅದು ಯೇಸು ಹುಟ್ಟಿದ ಊರಿನ ಹೆಸ್ರು. ಕನ್ನಡ ಬೈಬಲಲ್ಲಿ ಬೇತ್ಲೆಹೇಮ್ ಅಂತಿದ್ಯಲ್ಲ, ಅದೇ. ಹೀಬ್ರೂನಲ್ಲಿ ಬೇತ್ ಅಂದ್ರೆ ಮನೆ, ಲೆಹೆಮ್ ಅಂದ್ರೆ ರೊಟ್ಟಿ, ಒಟ್ಟಿಗೆ ರೊಟ್ಟಿ ಮನೆ. ಈಗ ಅಲ್ಲಿರೋ ಅರಬ್ಬಿ ಮಾತಾಡೋ ಜನ ಬೈತ್ ಲಹಮ್ ಅಂತಾರೆ, ಅವ್ರ ಭಾಷೇಲಿ ಲಹಮ್ ಅಂದ್ರೆ ಮಾಂಸ. ಹೆಂಗ್ ನೋಡಿದ್ರೂ ಹೊಟ್ಟೆ ತುಂಬಿಸೋ ಊರು. ಬೈಬಲ್ ಕಥೇಲಿ ಗಂಡನ್ನ ಕಳ್ಕೊಂಡ ರೂತಳು ಅತ್ತೆ ಜೊತೆ ಮೋವಾಬ್ ದೇಶದಿಂದ ಬರೋದು ಇಲ್ಲಿಗೇ, ಜವೆಗೋಧಿ ಕೊಯ್ಲು ಶುರುವಾಗೋ ಹೊತ್ತಿಗೆ, ಬಂದು ಬೇರೆಯವ್ರ ಹೊಲದಲ್ಲಿ ಹಕ್ಕಲು ಆಯ್ದು ಅತ್ತೆಗೆ ಊಟ ಹಾಕ್ತಾಳೆ.

ಇಂಥ ಹೆಸ್ರು ಗದ್ದಲಕ್ಕೆ ಹೆಂಗಾಯ್ತು? 1247ರಲ್ಲಿ ಸೈಮನ್ ಫಿಟ್ಜ್‌ಮೇರಿ ಅನ್ನೋರು ಲಂಡನ್ನಿನ ಬಿಷಪ್ಸ್‌ಗೇಟ್ ಹತ್ರ ಬೆತ್ಲೆಹೆಮ್ ಚರ್ಚಿನವ್ರಿಗೆ ಜಾಗ ಕೊಟ್ರು, ಒಂದು ಮಠ ಆಯ್ತು, ಆಮೇಲೆ ಮಠ ಆಸ್ಪತ್ರೆ ಆಯ್ತು, 1403ರ ಹೊತ್ತಿಗೆ ಅಲ್ಲಿ ಮನೋರೋಗಿಗಳಿದ್ರು ಅಂತ ದಾಖಲೆ ಇದೆ. ಜನರ ಬಾಯಲ್ಲಿ ಬೆತ್ಲೆಹೆಮ್ ಸವೆದು ಬೆತ್ಲೆಮ್, ಅದೂ ಸವೆದು ಬೆಡ್ಲಮ್. ನಾವು ಹಾಸ್ಪಿಟಲ್‌ನ ಆಸ್ಪತ್ರೆ ಮಾಡ್ಕೊಂಡಂಗೆ ಅಷ್ಟೇ, ಇದ್ರಲ್ಲಿ ತಪ್ಪೇನಿಲ್ಲ.

ತಪ್ಪು ಆಗಿದ್ದು ಆಮೇಲೆ. 1676ರಲ್ಲಿ ಮೂರ್‌ಫೀಲ್ಡ್ಸ್‌ನಲ್ಲಿ ರಾಬರ್ಟ್ ಹುಕ್ ಪ್ಲಾನ್ ಹಾಕಿದ ಅರಮನೆಯಂಥ ಕಟ್ಟಡಕ್ಕೆ ಆಸ್ಪತ್ರೆ ಬಂತು, ಅಲ್ಲಿ ರಜಾ ದಿನ ಬಂತಂದ್ರೆ ಊರಿನ ಜನ ಕಾಣಿಕೆ ಡಬ್ಬಿಗೆ ಕಾಸು ಹಾಕಿ ಒಳಗೆ ಹೋಗಿ ರೋಗಿಗಳನ್ನ ಜಾತ್ರೆ ನೋಡ್ದಂಗೆ ನೋಡ್ಕೊಂಡು ಬರೋರು. ಇದಕ್ಕೆ ಕಡಿವಾಣ ಬಿದ್ದಿದ್ದು 1770ರಲ್ಲಿ.

ಹಂಗಂತ ಒಳಗಿನ ಕಷ್ಟ ಮುಗೀಲಿಲ್ಲ. 1814ರಲ್ಲಿ ಇಂಥ ಆಸ್ಪತ್ರೆಗಳ ಸುಧಾರಣೆಗೆ ಓಡಾಡ್ತಿದ್ದ ಎಡ್ವರ್ಡ್ ವೇಕ್‌ಫೀಲ್ಡ್ ಮತ್ತು ಜೊತೆಯವ್ರು ಒಳಗೆ ಹೋದಾಗ ಜೇಮ್ಸ್ ನಾರಿಸ್ ಅನ್ನೋ ಅಮೆರಿಕದ ನಾವಿಕ ಕಂಡ. ಕುತ್ತಿಗೆಗೆ ಕಬ್ಬಿಣದ ಬಳೆ, ಬಳೆಯಿಂದ ಒಂದು ಗಿಡ್ಡ ಸರಪಳಿ, ಅದು ಗೋಡೆ ಪಕ್ಕ ನೆಟ್ಟಿದ್ದ ಆಳೆತ್ತರದ ಕಂಬೀಲಿ ಮೇಲೆ ಕೆಳಗೆ ಜಾರೋದು ಬಿಟ್ರೆ ಬೇರೆ ಕಡೆ ಹೋಗಲ್ಲ, ಸೊಂಟದ ಸುತ್ತ ಇನ್ನೊಂದು ಕಬ್ಬಿಣದ ಪಟ್ಟಿ, ತೋಳೆರಡೂ ಮೈಗೆ ಬಿಗಿದಿದ್ವು. ನಿಲ್ಬಹುದು, ಮಲಗ್ಬಹುದು, ಅಷ್ಟೇ. ವರ್ಷಾನುಗಟ್ಲೆ ಹಿಂಗೇ ಇದ್ದ. ಮಾತಾಡ್ಸಿದ್ರೆ ಸರಿಯಾಗೇ ಮಾತಾಡ್ತಿದ್ದ, ಪೇಪರ್ ಓದ್ತಿದ್ದ! ಅವ್ನ ಚಿತ್ರ ಪ್ರಿಂಟಾಗಿ ದೇಶ ತುಂಬ ಹೋಯ್ತು, ಪಾರ್ಲಿಮೆಂಟ್ 1815ರಲ್ಲಿ ವಿಚಾರಣೆ ಮಾಡ್ತು, ಆದ್ರೆ ಆ ಸುದ್ದೀಲೆಲ್ಲ ಅವ್ನ ಹೆಸ್ರು ವಿಲಿಯಂ ಅಂತ ತಪ್ಪಾಗಿ ಹೋಯ್ತು. ಆ ಮನುಷ್ಯನ ಹೆಸ್ರನ್ನ ನೆಟ್ಟಗೆ ಕೇಳ್ಕೊಳ್ಳೋರೂ ಇರ್ಲಿಲ್ಲ, ಅವ್ನನ್ನ ಕಟ್ಟಿಹಾಕಿದ್ದ ಜಾಗದ ಹೆಸ್ರು ಮಾತ್ರ ಡಿಕ್ಷನರಿ ಸೇರ್ತು.

ಪದ ಹಳೇದು, ಯಾರೂ ಈಗ ಆ ಅರ್ಥದಲ್ಲಿ ಹೇಳಲ್ಲ ಅಂತೀರಾ, ಸರಿ, ಒಪ್ತೀನಿ. ಆದ್ರೆ ನಾವು ಕನ್ನಡದಲ್ಲಿ ಅದೇ ಕೆಲ್ಸ ಇವತ್ತು ಮಾಡ್ತಿದೀವಿ. ಯಾರಾದ್ರೂ ಸ್ವಲ್ಪ ವಿಚಿತ್ರವಾಗಿ ಮಾತಾಡಿದ್ರೆ ತಕ್ಷಣ "ಇವನನ್ನ ನಿಮ್ಹಾನ್ಸ್‌ಗೆ ಸೇರಿಸ್ರೋ" ಅಂತೀವಿ, ಕಾಮೆಂಟ್ ಸೆಕ್ಷನ್ ತುಂಬ ಇದೇ. ಬೆಂಗಳೂರಿನ ಲುನಾಟಿಕ್ ಅಸೈಲಮ್, ಅಂದ್ರೆ ಹುಚ್ಚಾಸ್ಪತ್ರೆ, ಅನ್ನೋ ಹೆಸ್ರು ತೆಗೆದು ಮೆಂಟಲ್ ಹಾಸ್ಪಿಟಲ್ ಅಂತ ಮಾಡಿದ್ದು ಮೈಸೂರು ಸರ್ಕಾರ, 1925ರಲ್ಲಿ. ರೋಗಿಗೆ ಮರ್ಯಾದೆ ಸಿಗ್ಲಿ ಅಂತ ಇಟ್ಟ ಆ ಮೆಂಟಲ್ ಅನ್ನೋ ಪದಾನೇ ನಾವು ಬೈಗುಳ ಮಾಡ್ಕೊಂಡ್ವಿ, 1974ರಲ್ಲಿ ಅದೇ ಆಸ್ಪತ್ರೆ ನಿಮ್ಹಾನ್ಸ್‌ಗೆ ಸೇರ್ತು, ಅದನ್ನೂ ಬಿಡ್ಲಿಲ್ಲ. ಸ್ಟ್ರೋಕ್ ಆದೋರು, ಫಿಟ್ಸ್ ಬರೋ ಮಕ್ಕಳು, ತಲೆಗೆ ಪೆಟ್ಟು ಬಿದ್ದೋರು, ಡಿಪ್ರೆಶನ್‌ನಲ್ಲಿ ನಿದ್ದೆ ಕಳ್ಕೊಂಡೋರು, ಇವ್ರೆಲ್ಲ ರಾಜ್ಯದ ಮೂಲೆಮೂಲೆಯಿಂದ ನಂಬ್ಕೊಂಡು ಬರೋ ಜಾಗ ಅದು. ಆ ಹೆಸ್ರು ಬೈಗುಳ ಆಗಬಾರ್ದು, ನನಗೆ ಇದು ಸಣ್ಣ ವಿಷ್ಯ ಅಲ್ಲ.

ಯಾಕಂದ್ರೆ ನಮ್ಮ ಸಂಬಂಧಿಕರೊಬ್ರು ಅಲ್ಲಿಗೆ ತೋರಿಸ್ಕೊಳ್ಳೋಕೆ ಹೋಗ್ತಾರೆ, ಒಂದ್ಸಲ ನಾನೂ ಜೊತೆಗಿದ್ದೆ. ಬಸ್ಸಲ್ಲಿ ಕಂಡಕ್ಟರ್ ಎಲ್ಲಿಗೆ ಅಂತ ಕೇಳಿದ್ರು, ನಾನು ಬಾಯಿ ತೆರೆಯೋಷ್ಟರಲ್ಲಿ ಅವ್ರು ನನ್ನ ಕೈ ಒತ್ತಿ ಹಿಡ್ಕೊಂಡು "ಡೈರಿ ಸರ್ಕಲ್, ಎರಡು" ಅಂದ್ರು. ಫೈಲನ್ನ ಬಟ್ಟೆ ಅಂಗಡಿ ಕವರ್‌ನಲ್ಲಿ ಸುತ್ತಿ ಇಟ್ಕೊಂಡಿದ್ರು. ಅಲ್ಲಿ ಇಳಿದು, ಬಿಸಿಲಲ್ಲಿ, ಉಳಿದ ದಾರಿ ನಡ್ಕೊಂಡೇ ಹೋದ್ವಿ.