ಮೂರನೆಯ ಕೋಲಿನ ನೆರಳು

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಬೆಂಗಳೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಕಳೆದ ಏಪ್ರಿಲಿನಲ್ಲಿ, ದ್ವಿತೀಯ ಪಿಯುಸಿ ಮುಗಿಸಿದ್ದ ನಾಲ್ಕೈದು ಮಕ್ಕಳು, ಬಿ.ಎಸ್ಸಿ.ಗೆ ಸೇರಿದರೆ ಭೌತಶಾಸ್ತ್ರದ ಜೊತೆಗೆ ಗಣಿತವನ್ನೂ ತೆಗೆದುಕೊಳ್ಳಲೇಬೇಕೇ ಎಂದು ಕೇಳಲು ಬಂದಿದ್ದರು. ಮಾತಿನ ನಡುವೆ ಒಬ್ಬ ಹುಡುಗ ಅಳುಕುತ್ತಲೇ ಹೇಳಿದ: "ಸರ್, ನಮ್ಮ ಚಿಕ್ಕಪ್ಪ ಭೂಮಿ ಚಪ್ಪಟೆ ಅಂತಾರೆ. ಉಪಗ್ರಹದ ಫೋಟೊ ತೋರಿಸಿದರೆ, ಅದೆಲ್ಲ ಕಂಪ್ಯೂಟರಿನಲ್ಲಿ ಮಾಡಿದ್ದು ಅಂತಾರೆ. ಏನು ಉತ್ತರ ಕೊಡಲಿ?"

ಉಳಿದವರು ನಕ್ಕರು. ಭೂಮಿ ಗುಂಡಗಿದೆ ಎಂದು ನಿಮಗೆ ಹೇಗೆ ಗೊತ್ತು ಎಂದು ನಕ್ಕವರನ್ನೇ ಕೇಳಿದೆ. ಪುಸ್ತಕದಲ್ಲಿದೆ ಎಂದರು. ಚಿಕ್ಕಪ್ಪ ವಿಡಿಯೊ ನಂಬಿದ್ದರು, ಇವರು ಪಠ್ಯಪುಸ್ತಕ ನಂಬಿದ್ದರು. ಪುಸ್ತಕ ಹೇಳಿದ್ದು ಸರಿ, ಆದರೆ ಅದು ಏಕೆ ಸರಿ ಎಂಬುದನ್ನು ಇಬ್ಬರೂ ಪರೀಕ್ಷಿಸಿರಲಿಲ್ಲ.

ಕಣ್ಣಿಗೆ ನೆಲ ಸಮತಟ್ಟಾಗಿ ಕಾಣುವುದರಲ್ಲಿ ದಡ್ಡತನವೇನೂ ಇಲ್ಲ. 1150ರಲ್ಲಿ ಸಿದ್ಧಾಂತ ಶಿರೋಮಣಿ ಎಂಬ ಗಣಿತ-ಖಗೋಳ ಗ್ರಂಥವನ್ನು ರಚಿಸಿದ ಭಾಸ್ಕರಾಚಾರ್ಯರು ಇದನ್ನೇ ಎತ್ತಿಕೊಂಡು, ವೃತ್ತದ ಪರಿಧಿಯ ನೂರನೆಯ ಒಂದು ಭಾಗ ನೇರವಾಗಿಯೇ ಕಾಣುತ್ತದೆ, ಭೂಮಿ ಬಲು ದೊಡ್ಡದು, ಮನುಷ್ಯ ಬಲು ಸಣ್ಣವನು, ಆದ್ದರಿಂದ ಅವನಿಗೆ ಅದು ಚಪ್ಪಟೆಯಾಗಿ ತೋರುತ್ತದೆ ಎಂದು ವಿವರಿಸಿದ್ದಾರೆ. ಆ ವಿವರಣೆಯಲ್ಲಿ ಚಪ್ಪಟೆ ಎಂದವನ ಮೇಲೆ ಕೋಪವಿಲ್ಲ. ಅದು ನನಗೆ ಬಹಳ ಇಷ್ಟ.

ನಮ್ಮ ಊರಿಗೆ ಒಂದು ಅನುಕೂಲವಿದೆ. ಬೆಂಗಳೂರು ಉತ್ತರ ಅಕ್ಷಾಂಶ 13 ಡಿಗ್ರಿಯ ಹತ್ತಿರ ಇರುವುದರಿಂದ, ಏಪ್ರಿಲ್ 24ರ ಆಸುಪಾಸಿನಲ್ಲಿ ಮಧ್ಯಾಹ್ನ ಸುಮಾರು 12 ಗಂಟೆ 17 ನಿಮಿಷಕ್ಕೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆ ದಿನ ಮಕ್ಕಳು ಕಾಲೇಜಿನ ತಾರಸಿಯ ಮೇಲೆ, ತೂಗುಗುಂಡಿನಿಂದ ನೇರ ನೋಡಿಕೊಂಡು, ಒಂದು ಮೀಟರ್ ಉದ್ದದ ಕೋಲನ್ನು ನಿಲ್ಲಿಸಿದರು. ನೆರಳು ಕುಗ್ಗುತ್ತ ಬಂದು ಕೋಲಿನ ಬುಡದಲ್ಲಿ ಅಡಗಿತು. ಹೆಚ್ಚುಕಡಿಮೆ ನಮ್ಮದೇ ರೇಖಾಂಶದಲ್ಲಿರುವ ದೆಹಲಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಷ್ಟೇ ಉದ್ದದ ಕೋಲು ನಿಲ್ಲಿಸಿದ್ದ. ಅಲ್ಲಿ ನೆರಳು 28 ಸೆಂಟಿಮೀಟರ್. ಅಂದರೆ ಸೂರ್ಯ ನೆತ್ತಿಯಿಂದ ಸುಮಾರು 15.6 ಡಿಗ್ರಿ ವಾಲಿದ್ದ. ಎರಡೂ ಊರುಗಳ ನಡುವಿನ ಉತ್ತರ-ದಕ್ಷಿಣ ದೂರ ಸುಮಾರು 1,730 ಕಿಲೋಮೀಟರ್. ಸೂರ್ಯ ಬಲು ದೂರದಲ್ಲಿದ್ದು ಅವನ ಕಿರಣಗಳು ಎರಡೂ ಊರುಗಳಿಗೆ ಸಮಾನಾಂತರವಾಗಿ ಬರುತ್ತವೆ ಎಂದುಕೊಂಡರೆ, ಈ ವಾಲು ಭೂಮಿ ಬಾಗಿರುವುದರಿಂದಲೇ ಆದದ್ದು. ಅಷ್ಟು ದೂರಕ್ಕೆ 15.6 ಡಿಗ್ರಿಯಾದರೆ 360 ಡಿಗ್ರಿಗೆ ಎಷ್ಟು ಎಂದು ಲೆಕ್ಕ ಹಾಕಿದಾಗ ಭೂಮಿಯ ಸುತ್ತಳತೆ 40,000 ಕಿಲೋಮೀಟರಿನ ಹತ್ತಿರ ಬಂತು. ಎರಡು ಸಾವಿರ ವರ್ಷಗಳಿಗೂ ಹಿಂದೆ ಗ್ರೀಕ್ ವಿದ್ವಾಂಸ ಎರಟಾಸ್ತೆನೀಸ್ ಈಜಿಪ್ಟಿನಲ್ಲಿ ಮಾಡಿದ ಲೆಕ್ಕದ ದಾರಿಯೇ ಇದು.

ಎಲ್ಲರೂ ಗೆದ್ದೆವೆಂದು ಚಪ್ಪಾಳೆ ತಟ್ಟುತ್ತಿರುವಾಗ, ಗಣಿತ ಬೇಡವೆನ್ನುತ್ತಿದ್ದ ಹುಡುಗಿಯೇ ಕೇಳಿದಳು: "ಸರ್, ಭೂಮಿ ಚಪ್ಪಟೆಯಾಗಿದ್ದು ಸೂರ್ಯ ಹತ್ತಿರದಲ್ಲೇ ಇದ್ದರೂ ದೆಹಲಿಯಲ್ಲಿ ನೆರಳು ಬೀಳುತ್ತದಲ್ಲವೇ?"

ಬೀಳುತ್ತದೆ. ಎರಡು ಊರುಗಳ ನಡುವಿನ ದೂರ 1,730ನ್ನು, ನೆರಳಿಗೂ ಕೋಲಿಗೂ ಇರುವ ಅನುಪಾತವಾದ 0.28ರಿಂದ ಭಾಗಿಸಿದರೆ, ಸೂರ್ಯ ಬೆಂಗಳೂರಿನ ಮೇಲೆ ಸುಮಾರು 6,200 ಕಿಲೋಮೀಟರ್ ಎತ್ತರದಲ್ಲಿದ್ದಾನೆ ಎಂಬ ಉತ್ತರ ಬರುತ್ತದೆ, ಮತ್ತು ಎರಡೇ ಕೋಲುಗಳನ್ನು ಇಟ್ಟುಕೊಂಡು ಆ ಉತ್ತರ ತಪ್ಪೆಂದು ಯಾರೂ ತೋರಿಸಲಾರರು. ಇಷ್ಟು ವರ್ಷ ಪಾಠ ಮಾಡಿದ ನನಗೆ ಆ ದಿನದಷ್ಟು ಸಂತೋಷ ಕೊಟ್ಟ ಪ್ರಶ್ನೆ ಇನ್ನೊಂದಿಲ್ಲ.

ಮೂರನೆಯ ಕೋಲು ಬೇಕಾಯಿತು. ಶ್ರೀನಗರವನ್ನು ಆರಿಸಿ ಲೆಕ್ಕ ಮಾಡಿದರು. ಭೂಮಿ ಗುಂಡಗಿದ್ದರೆ ಅಲ್ಲಿ ನೆರಳು 38.6 ಸೆಂಟಿಮೀಟರ್, ಚಪ್ಪಟೆಯಾಗಿದ್ದರೆ 37.8. ವ್ಯತ್ಯಾಸ ಒಂದು ಸೆಂಟಿಮೀಟರೂ ಇಲ್ಲ. ಅಲ್ಲದೆ ಸೂರ್ಯ ಬಿಂದುವಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲವಿರುವ ಬಿಂಬ. ಹೀಗಾಗಿ ನೆರಳಿನ ತುದಿಯೇ ಸುಮಾರು ಒಂದು ಸೆಂಟಿಮೀಟರ್ ಮಸುಕಾಗಿರುತ್ತದೆ. ಆ ಮಸುಕಿನಲ್ಲಿ ನಮ್ಮ ಉತ್ತರ ಕರಗಿಹೋಗುತ್ತಿತ್ತು. ಅಳತೆ ಮಾಡುವ ಮೊದಲೇ ಆ ಅಳತೆಯಿಂದ ಏನೂ ತೀರ್ಮಾನವಾಗದು ಎಂದು ತಿಳಿಯಲು ತ್ರಿಕೋನಮಿತಿಯೂ ಬೇಕಾಯಿತು, ಬೆಳಕಿನ ಪಾಠವೂ ಬೇಕಾಯಿತು. ಗಣಿತ ತೆಗೆದುಕೊಳ್ಳಲೇಬೇಕೇ ಎಂಬ ಪ್ರಶ್ನೆಯನ್ನು ಆಮೇಲೆ ಯಾರೂ ಎತ್ತಲಿಲ್ಲ.

ಇನ್ನೂ ಉತ್ತರಕ್ಕೆ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿಗೆ ಹೋದೆವು, ಕಾಗದದ ಮೇಲೆ. ಅದು ಬೆಂಗಳೂರಿನ ಅಕ್ಷಾಂಶದಿಂದ ಸುಮಾರು 5,200 ಕಿಲೋಮೀಟರ್ ಉತ್ತರಕ್ಕಿದೆ. ಚಪ್ಪಟೆ ಭೂಮಿಯ ಲೆಕ್ಕದಂತೆ ಆ ದಿನ ಅಲ್ಲಿ ಮಧ್ಯಾಹ್ನದ ನೆರಳು 84 ಸೆಂಟಿಮೀಟರ್ ಇರಬೇಕು. ಆದರೆ ಅಲ್ಲಿ ಸೂರ್ಯ ನೆತ್ತಿಯಿಂದ 47 ಡಿಗ್ರಿ ಇಳಿದಿರುತ್ತಾನೆ, ಮೀಟರ್ ಕೋಲಿನ ನೆರಳು 107 ಸೆಂಟಿಮೀಟರ್ ಬೀಳುತ್ತದೆ. ಆ ನೆರಳಿಗೆ ಸರಿಹೊಂದಬೇಕಾದರೆ ಸೂರ್ಯ 4,900 ಕಿಲೋಮೀಟರ್ ಎತ್ತರಕ್ಕೆ ಇಳಿಯಬೇಕು. ದೆಹಲಿಗೆ ಒಂದು ಎತ್ತರ, ಪೀಟರ್ಸ್‌ಬರ್ಗಿಗೆ ಇನ್ನೊಂದು ಎತ್ತರ ಎಂದು ಒಬ್ಬನೇ ಸೂರ್ಯ ಒಂದೇ ದಿನ ಎರಡು ಕಡೆ ಇರಲಾರ. ಗುಂಡು ಭೂಮಿಯ ಲೆಕ್ಕದಲ್ಲಾದರೋ ಎರಡೂ ಕಡೆ ಒಂದು ಡಿಗ್ರಿಗೆ ಸುಮಾರು 111 ಕಿಲೋಮೀಟರ್.

ಹುಡುಗ ಆ ಹಾಳೆಯನ್ನು ಮಡಿಸಿ ಚಿಕ್ಕಪ್ಪನಿಗೆಂದು ಒಯ್ದ. ಅವರು ಒಪ್ಪಲಿಲ್ಲವಂತೆ, ಆದರೆ ಕೋಲು ನೇರ ನಿಂತಿತ್ತೆಂದು ಹೇಗೆ ಗೊತ್ತು ಎಂದು ಕೇಳಿದರಂತೆ. ಅದು ಕೇಳಬೇಕಾದ ಪ್ರಶ್ನೆಯೇ. ಆಗಸ್ಟ್ 18ರ ಸುಮಾರಿಗೆ, ಮಧ್ಯಾಹ್ನ 12 ಗಂಟೆ 23 ನಿಮಿಷದ ಹೊತ್ತಿಗೆ, ನಮ್ಮ ಊರಿನಲ್ಲಿ ನೆರಳು ಮತ್ತೊಮ್ಮೆ ಮಾಯವಾಗುತ್ತದೆ. ಮಳೆಗಾಲದ ಮೋಡ ಬಿಟ್ಟುಕೊಟ್ಟರೆ, ಈ ಸಲ ತೂಗುಗುಂಡಿನ ದಾರ ಹಿಡಿಯುವವರು ಚಿಕ್ಕಪ್ಪನೇ.

ನಮಸ್ಕಾರ.