ಪ್ಯಾಲಡಿನ್ ಕೈ ಕಟ್ಟೋಕಿಂತ ಮೊದ್ಲ ದಿನಕ್ಕ ಎಷ್ಟು ಜಗಳ ಅಂತ ಎಣಸ್ರಿ

[ದೃಶ್ಯ: ಮೇಲಿನಿಂದ ಟೇಬಲ್. ಡೈಸ್, ಪೆನ್ಸಿಲ್, ಕ್ಯಾರೆಕ್ಟರ್ ಶೀಟ್, ಗಿರ್ಮಿಟ್ ಪ್ಲೇಟ್]

ನಮಸ್ಕಾರ್ರಿ. ಹುಬ್ಬಳ್ಳಿ ವಿದ್ಯಾನಗರದಾಗ ನಮ್ಮ ಮನಿ ಮಾಳಗಿ ಮ್ಯಾಲ ಶನಿವಾರ ಸಂಜಿಕೆ ಐದು ಮಂದಿ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡತೀವಿ, ಒಬ್ಬೊಬ್ಬರು ಒಂದೊಂದು ಪಾತ್ರ ಆಗಿ ಡೈಸ್ ಉರುಳಿಸಿ ಕಥಿ ಕಟ್ಟೋ ಆಟ. ಕಥಿ ನಡಸೋ ಡಂಜನ್ ಮಾಸ್ಟರ್, ಅಂದ್ರ ಡಿಎಂ, ನಾನ. ಕಥಿ ನಡಿಯೋದು ಲಕ್ಕುಂಡಿಯೊಳಗ. ಅಲ್ಲಿನ ಮುಸುಕಿನ ಬಾವಿ ನೋಡಿದವರಿಗೆ ಗೊತ್ತೈತಿ, ಮೆಟ್ಟಲ ಇಳಕೊಂತ ಹೋದಂಗ ಗ್ವಾಡಿಯೊಳಗ ಸಣ್ಣ ಸಣ್ಣ ಗೂಡು. ಆ ಬಾವಿ ತಳದಾಗ ಇನ್ನೊಂದು ಬಾಗಲಾ ಇದ್ದಿದ್ದರ ಏನಾಗತಿತ್ತು? ಅಷ್ಟ ನಮ್ಮ ಕಥಿ.

ಆ ಬಾಗಲಾ ಕಾಯೋ ರಾಕ್ಷಸನ್ನ ನಾನು ಎರಡು ವಾರ ಕೂತು ತಯಾರ ಮಾಡಿದ್ದೆ. ಪ್ಯಾಲಡಿನ್ (ದೈವಶಕ್ತಿ ಇರೋ ಯೋಧ) ಆಡೋ ಗೆಳತಿ 20 ಮುಖದ ಡೈಸ್ ಉರುಳಿಸಿದ್ಲು. 20 ಬಿತ್ತು. ಕ್ರಿಟಿಕಲ್, ಅಂದ್ರ ಏಟಿನ ಡೈಸ್ ಎಲ್ಲಾ ಡಬಲ್. ಅದರ ಮ್ಯಾಲ ಡಿವೈನ್ ಸ್ಮೈಟ್ (ಏಟಿಗೆ ಕೂಡಿಸೋ ದೈವಶಕ್ತಿ), ಅದೂ ಎರಡನೇ ಲೆವೆಲ್ ಸ್ಲಾಟ್ (ಎಣಿಸಿ ಕೊಟ್ಟ ಮಂತ್ರಶಕ್ತಿ) ಸುಟ್ಟು. ಎಂಟು ಮುಖದ ಡೈಸ್ ಆರು ಬೇಕು, ನಮ್ಮ ಹತ್ರ ಇದ್ದಿದ್ದು ಎರಡ. ಅವನ್ನ ಮೂರು ಸಲ ಉರುಳಿಸಿ, ಕತ್ತಿ ಡೈಸ್ ಕೂಡಿಸಿದ್ರ ಒಂದ ಏಟಿಗೆ 51 ಪಾಯಿಂಟ್ ಹಾನಿ. ಎಲ್ಲಾರೂ ಕೇಕಿ ಹಾಕಿದ್ರು. ಫೈಟರ್ (ಬರೇ ಆಯುಧ ನಂಬಿದ ಯೋಧ) ಆಡೋ ಗೆಳೆಯ ಮಾತ್ರ ಪೆನ್ಸಿಲ್ ಕೆಳಗಿಟ್ಟು ಸುಮ್ಮನ ಕೂತ. ಹಿಂದಿನ ವಾರನೂ ಹಿಂಗ ಆಗಿತ್ತು. ಅದರ ಹಿಂದಿನ ವಾರನೂ.

ಆ ಪೆನ್ಸಿಲ್ ಕೆಳಗಿಟ್ಟಿದ್ದು ನನಗ ಭಾಳ ಚುಚ್ಚಿತು. ಐದು ಮಂದಿ ಆಟದೊಳಗ ಒಬ್ಬನಿಗೆ "ನಾನ್ಯಾಕ ಇಲ್ಲಿ" ಅನಸಿದ್ರ ಅದು ಡಿಎಂ ಜವಾಬ್ದಾರಿ. ಮನಿಗೆ ಹೋಗೂವಾಗ ಅವ ಕೇಳಿದ: "ಸ್ಮೈಟ್ ಅರ್ಧಾ ಮಾಡೋಣೇನು?" ನಾನೂ ಹೂಂ ಅನ್ನಾವಿದ್ದೆ. ಅದಕ್ಕಿಂತ ಮೊದ್ಲ ಲೆಕ್ಕಾ ಮಾಡಿ ನೋಡಿದೆ.

[ದೃಶ್ಯ: ಬಿಳಿ ಬೋರ್ಡ್, ಕೈಬರಹ]

ನಾವು ಆಡೋದು 2014ರ ಐದನೇ ಆವೃತ್ತಿ ನಿಯಮ. ಇಬ್ಬರೂ ಐದನೇ ಲೆವೆಲ್. ಇಬ್ಬರ ಕೈಯಾಗೂ ಗ್ರೇಟ್‌ಸೋರ್ಡ್. ಡೈಸಿಗೆ ಕೂಡಿಸೋದು ಸ್ಟ್ರೆಂತ್ (ಕಸುವು) +4, ಪ್ರೊಫಿಶಿಯನ್ಸಿ (ಪಳಗಿದ ಕೈ) +3. ಎದುರಿನವನ ಆರ್ಮರ್ ಕ್ಲಾಸ್, ಅಂದ್ರ ಏಟು ತಾಗಾಕ ಮುಟ್ಟಬೇಕಾದ ಅಂಕಿ, 15. ಅಂದ್ರ ಡೈಸಿನ್ಯಾಗ 8 ಇಲ್ಲಾ ಅದಕ್ಕಿಂತ ಹೆಚ್ಚು ಬಿದ್ರ ಏಟು ತಾಗತೈತಿ. 20 ಮುಖದಾಗ 13 ಮುಖ, 65 ಪರ್ಸೆಂಟ್. ತಾಗಿದ ಏಟಿಗೆ ಸರಾಸರಿ 11. ಒಂದು ಸರದಿಗೆ ಎರಡು ಏಟು, ಹಿಂಗಾಗಿ ಸರದಿಗೆ ಸರಾಸರಿ 14.3. ಕ್ರಿಟಿಕಲ್ ಲೆಕ್ಕಾ ಬಿಟ್ಟೇನಿ, ಅದು ಇಬ್ಬರಿಗೂ ಬರತೈತಿ.

ಇಲ್ಲಿತನಕ ಇಬ್ಬರೂ ಸಮಾ. ಫರಕು ಬರೋದು ಗಂಟಿನಾಗ ಕಟ್ಟಿಟ್ಟಿದ್ದರಿಂದ. ಪ್ಯಾಲಡಿನ್ ಕಡೆ ಮೊದಲನೇ ಲೆವೆಲ್ ಸ್ಲಾಟ್ ನಾಕು, ಎರಡನೇ ಲೆವೆಲ್ ಸ್ಲಾಟ್ ಎರಡು. ಸ್ಮೈಟಿಗೆ ಬಳಸಿದ್ರ ಮೊದಲನೇದು ಸರಾಸರಿ 9, ಎರಡನೇದು 13.5. ಎಲ್ಲಾ ಕೂಡಿ 63. ಅಷ್ಟ ಗಂಟು. ಖಾಲಿ ಆದ್ರ ಎಂಟು ತಾಸು ಮಲಗಿ ಎದ್ದ ಮ್ಯಾಲನ ತುಂಬತೈತಿ. ಫೈಟರ್ ಕಡೆ ಆಕ್ಷನ್ ಸರ್ಜ್ ಐತಿ. ಒಂದು ಸರದಿಯೊಳಗ ಎರಡು ಸರದಿ ಏಟು, ಅಂದ್ರ ಇನ್ನೊಂದು 14.3. ಆದ್ರ ಇದು ಒಂದು ತಾಸು ಕೂತು ದಣಿವಾರಿಸಿಕೊಂಡ್ರೂ ವಾಪಸ್ ಬರತೈತಿ.

ಈಗ ದಿನಕ್ಕ ಒಂದ ಜಗಳ, ಮೂರು ಸರದಿ ಅಂತ ತಗೋರಿ. ಫೈಟರ್ ಸುಮಾರು 57. ಪ್ಯಾಲಡಿನ್ ತಾಗಿದ ಪ್ರತಿ ಏಟಿಗೂ ಸ್ಮೈಟ್ ಹಾಕಿ ಸುಮಾರು 87. ಒಂದೂವರೆ ಪಟ್ಟು! ನನ್ನ ಗೆಳೆಯ ಸುಳ್ಳು ಹೇಳಿದ್ದಿಲ್ಲ.

ಅದ ದಿನಕ್ಕ ಆರು ಜಗಳ, ನಡು ಎರಡು ಸಲ ಒಂದೊಂದು ತಾಸಿನ ವಿಶ್ರಾಂತಿ ಅಂತ ತಗೋರಿ. ಫೈಟರ್ 300. ಪ್ಯಾಲಡಿನ್ 320. ಅದೂ ಒಂದ ಒಂದು ಸ್ಲಾಟನ್ನೂ ಆಶೀರ್ವಾದಕ್ಕ, ರಕ್ಷಣಾಕ್ಕ ಅಂತ ತಗೀದ ಪೂರ್ತಿ ಸ್ಮೈಟಿಗೇ ಸುರಿದ್ರ. ಒಂದೂವರೆ ಪಟ್ಟು ಇದ್ದ ಅಂತರ ಏಳು ಪರ್ಸೆಂಟಿಗೆ ಇಳೀತು. ಇಬ್ಬರ ಶೀಟಿನ್ಯಾಗೂ ನಾನು ಒಂದಕ್ಷರ ತಿದ್ದಿಲ್ರಿ.

[ದೃಶ್ಯ: ಬೋರ್ಡಿನ ಮೇಲೆ 57–87, 300–320, ಅಷ್ಟೇ]

ಹಾವೇರಿ ಕಡೆ ಹೋರಿ ಹಬ್ಬ ನೋಡಿರೇನು? ಕೊಬ್ಬರಿ ಸರಾ ಕಟ್ಟಿಕೊಂಡು ಬಂದ ಹೋರಿ ಮಂದಿ ನಡುವಿಂದ ಹಾರಿಕೊಂಡು ಹೋಗೋದು ಕಣ್ಣು ಮುಚ್ಚಿ ತೆಗಿಯೋದ್ರಾಗ. ಅದನ್ನ ನೋಡಿ "ಎತ್ತು ಯಾತಕ್ಕೂ ಉಪಯೋಗಿಲ್ಲ" ಅಂತ ಯಾವ ರೈತನೂ ಅನ್ನೂದಿಲ್ಲ. ಎರಿ ಹೊಲದಾಗ ಮುಂಜಾನಿಂದ ಸಂಜಿತನಕ ರಂಟಿ ಎಳಿಯೋದು ಬ್ಯಾರೆ ಕಸುವು. ಫೈಟರ್ ಉಳೋ ಎತ್ತು. ನಾನು ವಾರಾವಾರಾ ಅದನ್ನ ಹೋರಿ ಹಬ್ಬಕ್ಕ ಕರಕೊಂಡು ಹೋಗಾಕ ಹತ್ತಿದ್ದೆ.

ಈ ಆಟ ಬರೆದವರಿಗೂ ಇದು ಗೊತ್ತಿತ್ತು. 2014ರ ಡಂಜನ್ ಮಾಸ್ಟರ್ಸ್ ಗೈಡಿನ್ಯಾಗ ಪಾರ್ಟಿ (ಆಟದೊಳಗಿನ ಗುಂಪು) ಒಂದು ದಿನಕ್ಕ ಸಾಧಾರಣ ಇಲ್ಲಾ ಕಠಿಣ ಜಗಳ ಆರರಿಂದ ಎಂಟು ತಾಳಿಕೊಳ್ಳತೈತಿ ಅಂತ ಐತಿ. ಭಾಳ ಮಂದಿ ಆ ಪುಟ ಓದೂದ ಇಲ್ಲ. 2008ರ ನಾಲ್ಕನೇ ಆವೃತ್ತಿಯೊಳಗ ಬ್ಯಾರೆ ದಾರಿ ಹಿಡದಿದ್ರು: ಎಲ್ಲಾ ಕ್ಲಾಸಿಗೂ (ಫೈಟರ್, ಪ್ಯಾಲಡಿನ್ ಅಂಥ ಪಾತ್ರದ ವರ್ಗಕ್ಕೂ) ಯಾವಾಗಲೂ ಬಳಸೋದು, ಜಗಳಕ್ಕೊಮ್ಮೆ ಬಳಸೋದು, ದಿನಕ್ಕೊಮ್ಮೆ ಬಳಸೋದು ಅಂತ ಒಂದ ನಮೂನಿ ಪಟ್ಟಿ. ಲೆಕ್ಕಾ ಸಮಾ ಆತು, ಆದ್ರ ಫೈಟರ್ರೂ ಮಂತ್ರವಾದಿ ವಿಝರ್ಡೂ ಒಂದ ಥರಾ ಅನಸ್ತಾವ ಅಂತ ಮಂದಿ ಬೇಜಾರ ಮಾಡಿಕೊಂಡ್ರು. ನನಗಂತೂ ಎರಡು ಕ್ಲಾಸ್ ಎರಡು ನಮೂನಿ ದಣೀಬೇಕು. 2024ರ ಹೊಸಾ ನಿಯಮದಾಗ ಸ್ಮೈಟ್ ಬೋನಸ್ ಆಕ್ಷನ್ (ಏಟಿನ ಜೋಡಿ ಸಿಗೋ ಸಣ್ಣ ಹೆಚ್ಚುವರಿ ಕೆಲಸ) ಆಗೇತಿ, ಸರದಿಗೆ ಒಂದ ಸಲ. ಅದರಿಂದ ಆರ್ಭಟ ಕಡಿಮಿ ಆತು ಖರೆ, ಆದ್ರ ದಿನಕ್ಕ ಒಂದ ಜಗಳ ಇಟ್ಟರ ರೋಗ ಅಲ್ಲೇ ಇರತೈತಿ.

ಬಾರ್ಬೇರಿಯನ್ (ರೋಷದಿಂದ ಕಾದಾಡೋ ಯೋಧ) ಸುದ್ದಿನೂ ಸ್ವಲ್ಪ ಹೇಳತೇನಿ, ಕಾಮೆಂಟಿನ್ಯಾಗ ಕೇಳೇ ಕೇಳತೀರಿ. ಅವ ರೆಕ್ಲೆಸ್ ಆಗಿ, ಅಂದ್ರ ಹಿಂದ ಮುಂದ ನೋಡದ, ಹೊಡದ್ರ ಎರಡು ಡೈಸ್ ಉರುಳಿಸಿ ದೊಡ್ಡದನ್ನ ಹಿಡೀತಾನ, 65 ಇದ್ದದ್ದು ಸುಮಾರು 88 ಪರ್ಸೆಂಟ್ ಆಗತೈತಿ. ರೇಜಿನ (ರೋಷ ಏರಿಸಿಕೊಂಡಾಗ ಸಿಗೋ) +2 ಕೂಡಿದ್ರ ಸರದಿಗೆ ಸುಮಾರು 23. ಆದ್ರ ಎದುರಿನವರೂ ಅವನ ಮ್ಯಾಲ ಎರಡು ಡೈಸ್ ಉರುಳಿಸತಾರ. 50 ಪರ್ಸೆಂಟ್ ತಾಗೋದು 75 ಆಗತೈತಿ. ರೇಜ್ ಇದ್ದಾಗ ಕತ್ತಿ, ಈಟಿ, ಗದಾ ಏಟು ಅರ್ಧಾ, ಹಂಗಾಗಿ 10ರ ಏಟಿಗೆ ಸರಾಸರಿ ಬೀಳೋದು 3.75. ರೇಜ್ ಇಲ್ಲದ ಹಂಗ ನುಗ್ಗಿದ್ರ 7.5, ಸರೀ ಡಬಲ್. ಐದನೇ ಲೆವೆಲ್ಲಿಗೆ ರೇಜ್ ದಿನಕ್ಕ ಮೂರ. ನಾಕನೇ ಜಗಳದಾಗ ಅವ ಎದುರು ನಿಲ್ಲಬೇಕೋ ಹಿಂದ ಸರೀಬೇಕೋ ಅನ್ನೋದು ಖರೇ ಪ್ರಶ್ನಿ. ದಿನಕ್ಕ ಒಂದ ಜಗಳ ಆದ್ರ ಆ ಪ್ರಶ್ನಿನ ಏಳೂದಿಲ್ಲ.

ಹಂಗಾರ ನಮ್ಮಲ್ಲಿ ದಿನಕ್ಕ ಒಂದ ಜಗಳ ಯಾಕ ಆಗತಿತ್ತು? ಕಾರಣ ಚಿಗರಿ ಬಸ್ಸು! ಇಬ್ಬರು ಧಾರವಾಡದಿಂದ ಬರತಾರ, ರಾತ್ರಿ ಬಸ್ಸು ಸಿಗಬೇಕು ಅಂದ್ರ ನಮಗ ಆಡಾಕ ಮೂರು ತಾಸು. ಮೂರು ತಾಸಿನ್ಯಾಗ ಮಾತುಕತಿ ಆಗಿ ಒಂದು ದೊಡ್ಡ ಜಗಳ. ಏಳೂ ಮುಂದ ನಾನ ಅಂತಿದ್ದೆ, "ಸರಿ, ಎಲ್ಲಾರೂ ಮಲಕೊಂಡ್ರಿ, ಎಲ್ಲಾ ವಾಪಸ್ ತುಂಬಿಕೋರಿ." ಬಸ್ಸಿನ ಟೈಮು ಆಟದೊಳಗಿನ ರಾತ್ರಿ ಆಗಿಬಿಟ್ಟಿತ್ತು.

[ದೃಶ್ಯ: ಕೆಂಪು ರಟ್ಟಿನ ನೋಟ್‌ಬುಕ್ ಹತ್ತಿರದಿಂದ. ಅದರೊಳಗೆ ಹೆಸರು, ಉಳಿದ ಜೀವದ ಅಂಕಿ ಅಂದ್ರ ಎಚ್‌ಪಿ, ಉಳಿದ ಸ್ಲಾಟು]

ಈಗ ಈ ನೋಟ್‌ಬುಕ್ ಇಟ್ಟೇವಿ. ಏಳೂ ಮುಂದ ಯಾರಿಗೆ ಎಷ್ಟು ಎಚ್‌ಪಿ, ಎಷ್ಟು ಸ್ಲಾಟ್, ಸರ್ಜ್ ಐತೋ ಇಲ್ಲೋ ಅಂತ ಬರದು ಮುಚ್ಚತೀವಿ. ಮುಂದಿನ ಶನಿವಾರ ಅಲ್ಲಿಂದನ ಚಾಲೂ. ಸಣ್ಣ ಜಗಳ ಹೆಚ್ಚು ಮಾಡೇನಿ, ಎರಡು ಮೂರು ಸರದಿಗೆ ಮುಗಿಯೋವು. ಬಾವಿಯೊಳಗ ಎಂಟು ತಾಸು ಮಲಗಬೇಕು ಅಂದ್ರ ಸುರಕ್ಷಿತ ಜಾಗಾ ಹುಡಕ್ರಿ ಅಂತ ಹೇಳೇನಿ.

ಹೋದ ವಾರ ಅದ ಒಂದ ರಾತ್ರಿಯ ನಾಕನೇ ಜಗಳ. ಪ್ಯಾಲಡಿನ್ ಕಡೆ ಉಳದಿದ್ದು ಒಂದ ಸ್ಲಾಟ್. ಏಟು ತಾಗಿತು, ಸ್ಮೈಟ್ ಹಾಕತೀಯೇನು ಅಂತ ಕೇಳಿದೆ. ಆಕಿ ಶೀಟ್ ನೋಡಿದ್ಲು, ಕೆಳಗಿನ ಮೆಟ್ಟಲ ನಕ್ಷಾ ನೋಡಿದ್ಲು, "ಬ್ಯಾಡ, ಇಟಗೋತೀನಿ" ಅಂದು ಫೈಟರ್ ಕಡೆ ತಿರುಗಿದ್ಲು. ಅವ ಆಗಲೇ ಡೈಸ್ ಕೈಯಾಗ ಹಿಡದಿದ್ದ. ಸರ್ಜ್ ತಗೊಂಡ. ನಾಕು ಏಟಿನ್ಯಾಗ ಮೂರು ತಾಗಿದ್ವು.

ಬಾವಿಯೊಳಗ ಇನ್ನೂ ಎರಡು ಅಂತಸ್ತು ಐತಿ, ಅವರಿನ್ನೂ ಮಲಗಿಲ್ಲ.