ಮೊಗ್ಗು ನೋಡೋಕೆ ನಸುಕಿನಲ್ಲೇ ಹೋಗಬೇಕು

ಎಲ್ಲರಿಗೂ ನಮಸ್ಕಾರ.

ಬರುವ ಭಾನುವಾರ ನಾವೆಲ್ಲ ಲಕ್ಕುಂಡಿ ಕಡೆಯ ಒಂದು ಹೂವಿನ ತೋಟಕ್ಕೆ ಹೊರಟಿದ್ದೇವೆ. ಅದಕ್ಕೂ ಮುಂಚೆ ನಾಲ್ಕು ಮಾತು ಹೇಳಿ ಅಂತ ವಾಚನಾಲಯದ ಗೆಳೆಯರು ಕೇಳಿದರು. ಗದಗದಿಂದ ಬರೀ 12 ಕಿಲೋಮೀಟರ್ ದಾರಿ. ಆದರೂ ಗಾಡಿ ಬೆಳಗಿನ ಜಾವ 5 ಗಂಟೆಗೇ ಹೊರಡುತ್ತದೆ ಅಂದಾಗ ಹಲವರ ಮುಖ ಸಪ್ಪಗಾಯಿತು. ನಾಷ್ಟಾ ಮುಗಿಸಿಕೊಂಡು ಆರಾಮ ಹೋದರಾಯ್ತು ಅಲ್ವಾ ಅಂತ ಒಬ್ಬರು ಕೇಳಿದರು. ನನ್ನ ಇವತ್ತಿನ ಮಾತೆಲ್ಲ ಅವರಿಗೆ ಕೊಡುವ ಉತ್ತರ ಅಂದುಕೊಳ್ಳಿ.

ಕೆಲಸದಲ್ಲಿದ್ದಾಗ ಒಮ್ಮೆ ನಾನೂ ಶಾಲೆಯ ಮಕ್ಕಳನ್ನು ಕರೆದುಕೊಂಡು ಹಾಗೇ ಹೋಗಿದ್ದೆ. ಏಪ್ರಿಲ್ ತಿಂಗಳು, ಹೊತ್ತು ಹತ್ತಾಗಿತ್ತು. ದುಂಡುಮಲ್ಲಿಗೆ ತೋಟ. ಗಿಡದ ತುಂಬಾ ಬೆಳ್ಳಗೆ ಹೂ ಇರುತ್ತದೆ ಅಂತ ಮಕ್ಕಳು ದಾರಿಯುದ್ದಕ್ಕೂ ಮಾತಾಡಿಕೊಂಡು ಬಂದಿದ್ದರು. ಕಂಡದ್ದು ಬರೀ ಹಸಿರು. ಅಲ್ಲೊಂದು ಇಲ್ಲೊಂದು ಹಿಂದಿನ ರಾತ್ರಿ ಅರಳಿ ಬಾಡಿದ ಹೂ ಜೋತು ಬಿದ್ದಿತ್ತು. "ಟೀಚರ್, ಹೂ ಎಲ್ಲಿ?" ಅಂತ ಒಬ್ಬಳು ಅಳುಮೋರೆ ಮಾಡಿದಳು. ತೋಟದ ಯಜಮಾನಿ ಅವಳ ತಲೆ ಸವರಿ ಹೇಳಿದರು: "ಅರಳಿದ್ದು ಗಿಡದಾಗ ಉಳೀತಂದ್ರ ನಮಗ ಲುಕ್ಸಾನ ನೋಡವಾ. ನಾವು ಬೆಳೆಯೂದು ಮೊಗ್ಗು."

ಎಷ್ಟು ವರ್ಷ ಮಕ್ಕಳಿಗೆ ಹೂವಿನ ಭಾಗಗಳನ್ನು ಪಾಠ ಮಾಡಿದ್ದೆ. ಈ ಒಂದು ಮಾತು ನನಗೆ ಹೊಳೆದೇ ಇರಲಿಲ್ಲ. ಮಲ್ಲಿಗೆ ತೋಟ ಅಂದರೆ ಹೂವಿನ ತೋಟ ಅಲ್ಲ, ಮೊಗ್ಗಿನ ತೋಟ.

ದುಂಡುಮಲ್ಲಿಗೆ ಸಂಜೆ ಅರಳುವ ಹೂ. ಬಿಳೀ ಬಣ್ಣ, ಕತ್ತಲಲ್ಲಿ ಗಮಗಮ ವಾಸನೆ. ಇದೆಲ್ಲ ರಾತ್ರಿ ಹಾರಾಡುವ ಪತಂಗಗಳನ್ನು ಕರೆಯುವ ಉಪಾಯ. ನಸುಕಿನಲ್ಲಿ ಬಿಡಿಸಿದ ಮೊಗ್ಗನ್ನು ಮೂಗಿಗೆ ಹಿಡಿದು ನೋಡಿ, ಹಸೀ ಎಲೆಯ ವಾಸನೆ ಬಿಟ್ಟರೆ ಜಾಸ್ತಿ ಏನೂ ಬರುವುದಿಲ್ಲ. ಘಮ ಹೊರಗೆ ಬರುವುದು ದಳ ಬಿಚ್ಚುವಾಗಲೇ. ಗಿಡದಿಂದ ಬಿಡಿಸಿದ ಮೇಲೂ ಮೊಗ್ಗು ತನ್ನ ಹೊತ್ತು ಮರೆಯುವುದಿಲ್ಲ. ಬುಟ್ಟಿಯಲ್ಲಿರಲಿ, ಮಾಲೆಯಲ್ಲಿರಲಿ, ಯಾರದೋ ಹೆರಳಿನಲ್ಲಿರಲಿ, ಸಂಜೆಗೆ ಅರಳುತ್ತದೆ. ಮಲ್ಲಿಗೆ ವ್ಯಾಪಾರ ನಿಂತಿರುವುದೇ ಇದರ ಮೇಲೆ. ನಸುಕಿನಿಂದ ಸಂಜೆಯವರೆಗೆ ಸಿಗುವ ಹತ್ತು ಹನ್ನೆರಡು ತಾಸಿನಲ್ಲಿ ಬಿಡಿಸಬೇಕು, ತೂಗಬೇಕು, ಪೇಟೆಗೆ ಕಳಿಸಬೇಕು, ಕಟ್ಟಬೇಕು, ಮಾರಬೇಕು.

ಮೊಗ್ಗು ಬಿಡಿಸುವುದನ್ನು ಹತ್ತಿರ ನಿಂತು ನೋಡಿ. ದುಂಡುಮಲ್ಲಿಗೆ ಸಾಮಾನ್ಯವಾಗಿ ಮೂರು ಮೊಗ್ಗಿನ ಗೊಂಚಲು ಬಿಡುತ್ತದೆ. ನಡುವಿನದು ಹಿರಿಯಕ್ಕ, ಅದು ಮೊದಲು ಬಲಿಯುತ್ತದೆ. ಅಕ್ಕಪಕ್ಕದ ಎರಡು ಇನ್ನೂ ಹಸಿರು. ಅವು ಮುಂದಿನ ದಿನಗಳ ದುಡಿಮೆ. ಹೆಬ್ಬೆರಳು, ತೋರುಬೆರಳು ನಡುವಿನ ಮೊಗ್ಗನ್ನಷ್ಟೇ ಹಿಡಿದು ಚಟಕ್ಕನೆ ಮುರಿಯುತ್ತವೆ. ಪಕ್ಕದವಕ್ಕೆ ಉಗುರೂ ತಾಕಬಾರದು. ಎರಡೂ ಕೈ ಎರಡು ಕೊಂಬೆಯ ಮೇಲೆ ಓಡುತ್ತಿರುತ್ತವೆ. ಕಣ್ಣು ಮುಂದಿನ ಗೊಂಚಲಿನಲ್ಲಿರುತ್ತದೆ. ಹಿಡಿ ತುಂಬಿದ್ದೇ ತಡ ಉಡಿಗೆ ಬೀಳುತ್ತದೆ. ಸೀರೆ ಸೆರಗನ್ನು ಸೊಂಟಕ್ಕೆ ಕಟ್ಟಿ ಮಾಡಿದ ಆ ಉಡಿ ತುಂಬುತ್ತಾ ಬಂದ ಹಾಗೆ ಹೆಣ್ಣುಮಕ್ಕಳು ಬಸುರಿಯರ ಹಾಗೆ ಸ್ವಲ್ಪ ಹಿಂದಕ್ಕೆ ವಾಲಿ ನಡೆಯುತ್ತಾರೆ. ಬೆಳಕು ಹರಿಯುವ ಮುಂಚೆ ಬಂದವರು ತಲೆಗೆ ಬ್ಯಾಟರಿ ಕಟ್ಟಿಕೊಂಡಿರುತ್ತಾರೆ.

ಒಂದು ಸಲ 100 ಗ್ರಾಂ ಮೊಗ್ಗು ತೂಗಿಸಿ, ಅಲ್ಲೇ ಬದುವಿನ ಮೇಲೆ ಕೂತು ಎಣಿಸಿದೆ. 400 ದಾಟಿತು. ಅಂದರೆ ಒಂದು ಕಿಲೋಗೆ ನಾಲ್ಕು ಸಾವಿರದ ಮೇಲೆ. ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ನೋಡಿ, ಇದು ಇವತ್ತಿನದು, ಇದು ನಾಳಿನದು ಅಂತ ತೀರ್ಮಾನ ಮಾಡಿ ಮುರಿಯಬೇಕು. ಅವತ್ತಿನಿಂದ ಹೂವಾಡಗಿತ್ತಿಯ ಹತ್ತಿರ ಒಂದು ಮೊಳಕ್ಕೆ ಚೌಕಾಸಿ ಮಾಡುವುದನ್ನು ನಾನು ಬಿಟ್ಟೆ. ನೀವೂ ಬಿಡಿ ಅಂತ ಕೇಳಿಕೊಳ್ಳುತ್ತೇನೆ.

ಈ ಬೇಸಿಗೆ ಹೂವಿನ ಕೆಲಸ ಶುರುವಾಗುವುದು ಚಳಿಯಲ್ಲಿ. ಚಳಿಗಾಲ ಬಂತೆಂದರೆ ರೈತರು ಮಲ್ಲಿಗೆಗೆ ನೀರು ನಿಲ್ಲಿಸುತ್ತಾರೆ. ಗಿಡ ಸೊರಗುತ್ತದೆ. ಆಮೇಲೆ ಮೊಣಕಾಲೆತ್ತರಕ್ಕೆ ಚಾಟಣಿ ಮಾಡುತ್ತಾರೆ, ಅಂದರೆ ಕೊಂಬೆಗಳನ್ನು ಕತ್ತರಿಸುತ್ತಾರೆ. ಆಗ ತೋಟ ನೋಡಿದರೆ ಹೊಟ್ಟೆ ಚುರ್ ಅನ್ನುತ್ತದೆ, ಬರೀ ಕಡ್ಡಿಗಳು. ನಂತರ ಬುಡ ಕೆದಕಿ, ಗೊಬ್ಬರ ಕೊಟ್ಟು, ನೀರು ಬಿಡುತ್ತಾರೆ. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನಲ್ಲಿ ಮಾತ್ರ. ಕತ್ತರಿಸಿದಷ್ಟೂ ಚಿಗುರು, ಚಿಗುರಿದಷ್ಟೂ ಮೊಗ್ಗು. ಶಿವರಾತ್ರಿ ಕಳೆದು, ಯುಗಾದಿ ಹತ್ತಿರ ಬಂದ ಹಾಗೆ ಇಳುವರಿ ಏರುತ್ತದೆ. ಮಾರ್ಚ್‌ನಿಂದ ಜೂನ್‌ವರೆಗೆ ಸುಗ್ಗಿ. ಬೇರೆ ಬೆಳೆಗಳು ಬಿಸಿಲಿಗೆ ಒಣಗಿ ನಿಲ್ಲುವ ತಿಂಗಳುಗಳಲ್ಲಿ ಮಲ್ಲಿಗೆ ಮೈತುಂಬಿಕೊಳ್ಳುತ್ತದೆ. ಆದರೆ ನೀರು ಬೇಕು. 101 ಗುಡಿ, 101 ಬಾವಿ ಅಂತ ಹೇಳಿಸಿಕೊಳ್ಳುವ ಊರು ಲಕ್ಕುಂಡಿ. ಸಮಯ ಸಿಕ್ಕರೆ ವಾಪಸು ಬರುವಾಗ ಅಲ್ಲಿನ ಮೆಟ್ಟಿಲುಗಳ ಮುಸುಕಿನ ಬಾವಿಗೆ ಇಳಿದು ನೋಡೋಣ. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯವೂ ಅಲ್ಲೇ ಇದೆ.

ಇನ್ನೊಂದು ವಿಷಯ. ದುಂಡುಮಲ್ಲಿಗೆ ಬೀಜ ಕಟ್ಟುವುದು ತೀರಾ ಅಪರೂಪ. ಕಡ್ಡಿ ಊರಿಯೇ ಗಿಡ ಮಾಡುತ್ತಾರೆ. ಆ ಕಡ್ಡಿ ಇನ್ನೊಂದು ತೋಟದ್ದು, ಅದು ಮತ್ತೊಂದು ತೋಟದ್ದು. ಹೀಗೆ ಅವ್ವನಿಂದ ಮಗಳಿಗೆ ಬಂದ ಸೀರೆಯ ಹಾಗೆ ಕೈಯಿಂದ ಕೈಗೆ ಬಂದಿದೆ. ತುಂಗಭದ್ರೆ ದಾಟಿದರೆ ಹೂವಿನಹಡಗಲಿ. ಆ ಊರಿನ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆಯೇ ಸಿಕ್ಕಿದೆ. ವಿಜಯನಗರದ ಕಾಲದಲ್ಲಿ ಅಲ್ಲಿಂದ ಹಂಪಿಗೆ ಹಡಗಿನಲ್ಲಿ ಹೂ ಹೋಗುತ್ತಿತ್ತು, ಅದಕ್ಕೇ ಆ ಹೆಸರು ಅಂತ ಜನ ಹೇಳುತ್ತಾರೆ.

ಮಲ್ಲಿಗೆ ಒಂದನ್ನೇ ನೋಡಿ ಬರಬೇಡಿ. ಪಕ್ಕದ ಮಡಿಗಳಲ್ಲಿ ಕನಕಾಂಬರ ಇದ್ದರೆ ಒಣಗಿದ ತೆನೆ ಒಂದನ್ನು ಕೇಳಿ ಇಸಕೊಳ್ಳಿ. ಅಂಗೈ ಮೇಲಿಟ್ಟು ಒಂದೆರಡು ಹನಿ ನೀರು ಹಾಕಿ. ಸ್ವಲ್ಪ ತಡೆದು ಟಪ್ ಅಂತ ಸಿಡಿದು ಬೀಜ ಹಾರುತ್ತದೆ. ಮೊದಲ ಮಳೆ ಬಿದ್ದಾಗಲೇ ಬೀಜ ನೆಲ ಸೇರಲಿ ಅಂತ ಗಿಡ ಮಾಡಿಕೊಂಡ ಏರ್ಪಾಡು ಅದು. ಮಕ್ಕಳನ್ನು ಕರೆತರುವವರು ಇದನ್ನು ತಪ್ಪಿಸಲೇಬೇಡಿ. ಡೆಲ್ಲಿ ಕನಕಾಂಬರ ಅನ್ನುವ ತಳಿ ಮಾತ್ರ ಬೀಜ ಕಟ್ಟುವುದಿಲ್ಲ, ಅದರ ಹತ್ತಿರ ಈ ಆಟ ನಡೆಯದು.

ಸುಗಂಧರಾಜ ಕೆಳಗಿನಿಂದ ಮೇಲಕ್ಕೆ ಅರಳುತ್ತಾ ಹೋಗುತ್ತದೆ. ಮೊಗ್ಗಿನ ತುದಿ ನಸುಗೆಂಪಾಗಿದ್ದರೆ ಅದು ಪ್ರಜ್ವಲ್ ತಳಿ ಇರಬಹುದು, ಕೇಳಿ ನೋಡಿ. ಚೆಂಡುಹೂವನ್ನು ಎಷ್ಟೋ ರೈತರು ಟೊಮೇಟೊ ಸಾಲುಗಳ ನಡುವೆ ಹಾಕುತ್ತಾರೆ. ಕಾಯಿಕೊರಕದ ಚಿಟ್ಟೆ ಟೊಮೇಟೊ ಬಿಟ್ಟು ಚೆಂಡುಹೂವಿಗೆ ಹೋಗಿ ಮೊಟ್ಟೆ ಇಡಲಿ ಅಂತ.

ಶ್ಯಾವಂತಿಗಿ ಮಾತ್ರ ಈಗ ಕೇಳಬೇಡಿ. ಅದು ಹಗಲು ಸಣ್ಣದಾಗಿ ರಾತ್ರಿ ದೊಡ್ಡದಾದಾಗ ಹೂ ಬಿಡುವ ಗಿಡ. ದಸರಾ, ದೀಪಾವಳಿಗೆ ಲಕ್ಕುಂಡಿ ದಾರಿ ಹಳದಿಯಾಗುವುದು ಅದಕ್ಕೇ. ಈಗ ಹಗಲು ಬೆಳೆಯುತ್ತಿದೆ. ಗಿಡ ಎಲೆಯ ಕೆಲಸದಲ್ಲಿರುತ್ತದೆ.

ದವನ ಇದ್ದರೆ ನಮ್ಮ ಅದೃಷ್ಟ. ಚೈತ್ರದ ಹುಣ್ಣಿಮೆಗೆ ದವನದ ಹುಣ್ಣಿಮೆ ಅನ್ನುತ್ತೇವಲ್ಲ, ಆ ದವನ. ಹೂವಿಲ್ಲ ಅನ್ನಿಸುವಷ್ಟು ಸಣ್ಣ ಹೂ, ಬೂದು ಎಲೆ. ಮುಟ್ಟಿದರೆ ಸಾಕು, ದಿನವಿಡೀ ಬೆರಳು ಘಮ್ ಅನ್ನುತ್ತದೆ. ನಮ್ಮವ್ವ ಮಾಲೆ ಕಟ್ಟುವಾಗ ಎರಡು ಮಲ್ಲಿಗೆಗೆ ಒಂದು ಎಸಳು ದವನ ಸೇರಿಸುತ್ತಿದ್ದಳು. ಬಾಳೆನಾರನ್ನು ನೀರಲ್ಲಿ ನೆನೆಸಿ, ಒಂದು ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಕಟ್ಟುತ್ತಿದ್ದಳು. ಈಗ ಎಲ್ಲಾದರೂ ದವನದ ವಾಸನೆ ಬಂದರೆ ನನಗೆ ಮೊದಲು ಕಾಣುವುದು ಅವಳ ಆ ಕಾಲ್ಬೆರಳು.

ಭಾನುವಾರಕ್ಕೆ ಕೆಲವು ಸೂಚನೆ. ಸಾಲಿನ ನಡುವೆ ಕೇಳದೆ ಇಳಿಯಬೇಡಿ. ಹಿಂದಿನ ದಿನ ಔಷಧಿ ಹೊಡೆದಿರಬಹುದು. ಫೋಟೋಗೆ ಅಂತ ಗೊಂಚಲು ಕೀಳಬೇಡಿ, ಅದರಲ್ಲಿ ನಾಳಿನ ಎರಡು ಮೊಗ್ಗು ಇರುತ್ತವೆ. ಬಿಡಿಸುವವರ ಕೈ ನಿಲ್ಲಿಸಿ ಮಾತಾಡಿಸಬೇಡಿ. ಅವರ ಕೂಲಿ ತೂಕದ ಮೇಲೆ. ಏಳೂವರೆಗೆ ತಕ್ಕಡಿ ಹತ್ತಿರ ಬಂದಾಗ ಬೇಕಾದಷ್ಟು ಕೇಳಿ, ಖುಷಿಯಿಂದ ಹೇಳುತ್ತಾರೆ.

ಪ್ರತಿಯೊಬ್ಬರೂ ಒಂದು ತೆಳ್ಳನೆ ಹತ್ತಿ ಬಟ್ಟೆ ತನ್ನಿ. ಅದನ್ನು ಒದ್ದೆ ಮಾಡಿ, ಹಿಂಡಿ, ಅಲ್ಲೇ ಕೊಂಡ ಒಂದು ಬೊಗಸೆ ಮೊಗ್ಗು ಸುತ್ತಿಕೊಂಡು ಮನೆಗೆ ಒಯ್ಯೋಣ. ಫ್ರಿಜ್‌ನಲ್ಲಿ ಇಡಬೇಡಿ. ಸಂಜೆ ಆರರ ಹೊತ್ತಿಗೆ ಬಟ್ಟೆ ಬಿಚ್ಚಿ ಒಂದು ತಾಟಿನಲ್ಲಿ ಹರವಿ. ಫ್ಯಾನ್ ಆರಿಸಿ, ಮನೆಯವರನ್ನೆಲ್ಲ ಕರೆದು ಸುಮ್ನೆ ಕೂರಿಸಿಕೊಳ್ಳಿ. ಯಾವ ಮೊಗ್ಗು ಮೊದಲು ಬಾಯಿ ಬಿಡುತ್ತದೆ ನೋಡಿಟ್ಟುಕೊಂಡು ಸೋಮವಾರ ನನಗೆ ಹೇಳಿ.